ರೇಮಂಡರ ‘ಸಂತೆ’ಯ ವಾದ: ಒಂದು ವಿಮರ್ಶೆ

ಮುಕ್ತ ತಂತ್ರಾಂಶವನ್ನು ಕುರಿತ ಬರೆಹಗಳಲ್ಲಿ ಎರಿಕ್ ರೇಮಂಡರ ‘ದಿ ಕೆಥೀಡ್ರಲ್ ಅಂಡ್ ದಿ ಬಜಾರ್’ ಎಂಬ ಪ್ರಬಂಧಕ್ಕೆ ದೊರೆತ ಮನ್ನಣೆ ದೊಡ್ಡದು. 1997ರಲ್ಲಿ ಉಪನ್ಯಾಸವಾಗಿ ಮಂಡಿತವಾಗಿ 1999ರಲ್ಲಿ ಗ್ರಂಥರೂಪವನ್ನು ತಾಳಿದ ಈ ಕೃತಿಯ ವಾದಸರಣಿ ಸರಳವಾದುದು. ಕೆಲವೇ ಶಿಲ್ಪಿಗಳು ಮರೆಯಲ್ಲಿ ಕುಳಿತು ಕಟ್ಟುವ ದೇಗುಲದ ಪದ್ಧತಿಗಿಂತ, ಬಂದವರೆಲ್ಲರೂ ತಮ್ಮ ತಮ್ಮ ಸರಕನ್ನು ತಂದಿಡುವ ಸಂತೆಯ ಪದ್ಧತಿಯೇ ತಂತ್ರಾಂಶಕ್ಕೆ ಮೇಲು. ಹೊಸ ಆವೃತ್ತಿಗಳನ್ನು ಪದೇ ಪದೇ ಹೊರಡಿಸುತ್ತಿರಬೇಕು. ನೋಡುವವರು ಸಾಕಷ್ಟು ಮಂದಿ ಇದ್ದರೆ ಎಂಥ ದೋಷವೂ ಅವರಲ್ಲಿ ಯಾರಿಗಾದರೂ ಸುಲಭವಾಗಿ ಹೊಳೆಯುವುದು. ಈ ಕಡೆಯ ಸೂತ್ರಕ್ಕೆ ರೇಮಂಡರು ಲಿನಕ್ಸ್‌ನ ಕರ್ತೃವಾದ ಲೀನಸ್ ಟೋರ್ವಾಲ್ಡ್ಸ್ ಅವರ ಹೆಸರನ್ನೇ ಇಟ್ಟಿದ್ದಾರೆ.

ಹೊಸತನದ ವೇಗವೂ ಗುಣದ ರಕ್ಷಣೆಯೂ ಒಂದೇ ಉಪಾಯದಿಂದ ಸಿದ್ಧಿಸುತ್ತವೆಂಬ ಆಶ್ವಾಸನೆ ಇದರಲ್ಲಿ ಅಡಗಿದೆ. ಈ ಆಶ್ವಾಸನೆ ಪರೀಕ್ಷೆಗೆ ನಿಲ್ಲುತ್ತದೆಯೇ ಎಂಬುದು ಇಲ್ಲಿ ನಮ್ಮ ಪ್ರಶ್ನೆ.

ಓಪನ್‌ಎಸ್‌ಎಸ್‌ಎಲ್‌ನ ವೃತ್ತಾಂತ ಇದಕ್ಕೆ ತಕ್ಕ ಒರೆಗಲ್ಲು. ಅಂತರಜಾಲದಲ್ಲಿ ಹಾಯುವ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಈ ತಂತ್ರಾಂಶಕ್ಕೆ 2011ರ ಡಿಸೆಂಬರ್ ಕೊನೆಯಲ್ಲಿ ‘ಹಾರ್ಟ್‌ಬೀಟ್’ ಎಂಬ ಹೊಸ ಸೌಲಭ್ಯವೊಂದು ಸೇರಿತು. 2012ರ ಮಾರ್ಚ್ ತಿಂಗಳಲ್ಲಿ ಹೊರಬಿದ್ದ 1.0.1ನೆಯ ಆವೃತ್ತಿಯೊಡನೆ ಎಲ್ಲೆಡೆ ಹಬ್ಬಿತು. ಸಂಪರ್ಕ ಇನ್ನೂ ಕಡಿದಿಲ್ಲವಷ್ಟೆ ಎಂದು ತಿಳಿಯಲು ಒಂದು ಕಡೆಯ ಯಂತ್ರ ಕಿರುಸಂದೇಶವೊಂದನ್ನು, ಅದರ ಉದ್ದವನ್ನೂ ಹೇಳಿ, ಕಳುಹಿಸುವುದು. ಎದುರಿನದು ಅದನ್ನೇ ಮರಳಿಸುವುದು. ಇಷ್ಟೇ ಇದರ ಕೆಲಸ. ಹೇಳಿದ ಉದ್ದವೂ ನಿಜವಾದ ಉದ್ದವೂ ಒಂದೇ ಆಗಿವೆಯೇ ಎಂದು ತಾಳೆ ನೋಡುವ ಹೆಜ್ಜೆ ಮಾತ್ರ ಬಿಟ್ಟುಹೋಗಿತ್ತು. ಒಂದಕ್ಷರವನ್ನು ಕಳುಹಿಸಿ ಅರುವತ್ತು ಸಾವಿರ ಅಕ್ಷರಗಳೆಂದು ಸುಳ್ಳು ಹೇಳಿದವನಿಗೆ, ಎದುರಿನ ಯಂತ್ರ ತನ್ನ ಸ್ಮೃತಿಯಲ್ಲಿ ಪಕ್ಕದಲ್ಲಿದ್ದುದನ್ನೆಲ್ಲ, ಒಂದು ಸಲಕ್ಕೆ 64 ಕಿಲೋಬೈಟಿನವರೆಗೆ, ತೆಗೆದು ಕೊಡುತ್ತಿತ್ತು. ಅದರಲ್ಲಿ ಪಾಸ್‌ವರ್ಡುಗಳಿರಬಹುದು, ಗೂಢಲಿಪಿಯ ಬೀಗದ ಕೈಯೇ ಇರಬಹುದು. ‘ಹಾರ್ಟ್‌ಬ್ಲೀಡ್’ ಎಂದು ಹೆಸರಾದ ಈ ದೋಷ ಬಯಲಾದುದು 2014ರ ಏಪ್ರಿಲ್ 7ರಂದು. ಎರಡು ವರ್ಷಕ್ಕೂ ಮಿಗಿಲಾಗಿ ಆ ಸಾಲುಗಳು ಎಲ್ಲರ ಕಣ್ಣೆದುರಿಗೇ ಇದ್ದವು. ಹಳೆಯ 0.9.8, 1.0.0 ಶಾಖೆಗಳಲ್ಲೇ ಉಳಿದವರಿಗೆ ಈ ತೊಂದರೆ ತಟ್ಟಲಿಲ್ಲ; ಅವರಲ್ಲಿ ಆ ಸೌಲಭ್ಯವೇ ಇರಲಿಲ್ಲ.

ಕಣ್ಣುಗಳು ಸಾಕಷ್ಟಿರಲಿಲ್ಲವೆಂದು ರೇಮಂಡರ ಪಕ್ಷದವರು ಸಮಾಧಾನ ಹೇಳಬಹುದು. ಆದರೆ ದೋಷ ಸಿಕ್ಕಿದಾಗ ಕಣ್ಣುಗಳು ಸಾಕಷ್ಟಿದ್ದವು, ಸಿಕ್ಕದಾಗ ಸಾಲದೆ ಹೋದವು ಎನ್ನುವ ಸೂತ್ರ ಎಂದಿಗೂ ಸೋಲದು. ಅದರಿಂದ ಕೆಲಸಗಾರನಿಗೆ ಒದಗುವ ನೆರವು ಮಾತ್ರ ಸೊನ್ನೆ. ನಮಗೆ ತೋರುವಂತೆ ಕೊರತೆಯಿರುವುದು ಬೇರೆಡೆ. ಬಳಸುವವನ ಕಣ್ಣಿಗೆ ಬೀಳುವುದು ರೋಗದ ಲಕ್ಷಣ. ಕೆಲಸ ನಿಂತರೆ ಅವನು ದೂರುತ್ತಾನೆ. ಇಲ್ಲಿ ಯಾವ ಕೆಲಸವೂ ನಿಲ್ಲಲಿಲ್ಲ. ಇಂಥದನ್ನು ಹಿಡಿಯಬೇಕಾದರೆ ಬರೆದ ಸಾಲನ್ನು ಸಾವಧಾನವಾಗಿ ಓದುವ ಹೊಣೆಯೂ ಬಿಡುವೂ ಉಳ್ಳವರಿರಬೇಕು. (ಓಲೆಯ ಪ್ರತಿಗಳು ನೂರಿದ್ದ ಮಾತ್ರಕ್ಕೆ ಪಾಠ ಶುದ್ಧವಾಗದೆಂಬುದು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ.) ತಂಡದ ಸದಸ್ಯರೊಬ್ಬರು ಓದಿಯೇ ಆ ಸಾಲುಗಳನ್ನು ಸೇರಿಸಿದ್ದರು, ಅವರಿಗೂ ದೋಷ ಕಾಣಲಿಲ್ಲ. ಆಗ ಆ ತಂತ್ರಾಂಶಕ್ಕಾಗಿ ಪೂರ್ಣಕಾಲ ದುಡಿಯುತ್ತಿದ್ದವರು ಒಬ್ಬರೇ. ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರು. ಹೊಸದನ್ನು ಬರೆದುಕೊಡಲು ಹೊರಗಿನವರು ತಾವಾಗಿ ಮುಂದೆ ಬರುತ್ತಾರೆ. ಬಂದುದನ್ನು ಓದಿ ‘ಇದು ಬೇಡ’ ಎನ್ನುವ ಕೆಲಸಕ್ಕೆ ಸಂತೆಯಲ್ಲಿ ಬೆಲೆ ಕಟ್ಟಿದವರಿರಲಿಲ್ಲ.

ರೇಮಂಡರು ಇದೊಂದನ್ನೂ ಕಾಣಲಿಲ್ಲವೆಂದರೆ ಅನ್ಯಾಯವಾದೀತು. ಲಿನಕ್ಸ್‌ನಲ್ಲಿ ಸ್ಥಿರವಾದ ಆವೃತ್ತಿ, ಪ್ರಯೋಗದ ಆವೃತ್ತಿ ಎಂದು ಎರಡಿದ್ದುದನ್ನು ಅವರು ಗುರುತಿಸಿದ್ದಾರೆ. ಆದರೆ ಅದನ್ನು ಮುನ್ನೆಚ್ಚರಿಕೆಯ ಒಂದು ಕ್ರಮವೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ನಮ್ಮ ಮತದಲ್ಲಿ ಜೀವಾಳವೇ ಅದು. ಇಂದಿನ ಲಿನಕ್ಸ್ ಪದ್ಧತಿಯಲ್ಲಿ ಇದು ಇನ್ನೂ ಸ್ಪಷ್ಟ: ಹೊಸ ಸೇರ್ಪಡೆಗಳಿಗೆ ಸುಮಾರು ಎರಡು ವಾರಗಳ ಅವಕಾಶ, ಅನಂತರದ ಆರೇಳು ವಾರಗಳಲ್ಲಿ ವಾರಕ್ಕೊಂದರಂತೆ ಪರೀಕ್ಷಾ ಆವೃತ್ತಿಗಳು, ತಿದ್ದುಪಡಿಗಳಷ್ಟೇ. ಸಂತೆಗೂ ಬಾಗಿಲಿದೆ, ಅದನ್ನು ಮುಚ್ಚುವ ಹೊತ್ತೂ ಇದೆ.

ಹಾಗಾದರೆ ಹೊಸದನ್ನೇ ನಿಲ್ಲಿಸಿಬಿಡಬಹುದಲ್ಲವೆ? ಅಕ್ಷರಜೋಡಣೆಯ ‘ಟೆಕ್’ ತಂತ್ರಾಂಶದ ಕರ್ತೃ ಡೊನಾಲ್ಡ್ ಕ್ನೂತರು 1990ರಲ್ಲಿ ಹಾಗೆಯೇ ಮಾಡಿದರು. ಅಂದಿನಿಂದ ಅಲ್ಲಿ ನಡೆದಿರುವುದು ದೋಷಗಳ ತಿದ್ದುಪಡಿ ಮಾತ್ರ. ಅದರ ಶುದ್ಧಿ ಪ್ರಸಿದ್ಧವಾದುದು. ಆದರೆ ಯೂನಿಕೋಡಿನಲ್ಲಿ ಬರೆದ ಕನ್ನಡವನ್ನು ಒತ್ತಕ್ಷರಸಹಿತ ನೇರವಾಗಿ ಜೋಡಿಸುವ ಅನುಕೂಲ ನಮಗೆ ಬಂದುದು ಮೂಲ ಟೆಕ್‌ನಿಂದಲ್ಲ. 2004ರಲ್ಲಿ ಹೊರಬಂದ ಅದರ ಕವಲಾದ ಝೀಟೆಕ್‌ನಂಥವುಗಳಿಂದ. ಗೂಢಲಿಪಿಯ ತಂತ್ರಾಂಶಕ್ಕಂತೂ ನಿಲ್ಲುವ ಸ್ವಾತಂತ್ರ್ಯವೇ ಇಲ್ಲ. ಹಳೆಯ ಲಿಪಿಗಳನ್ನು ಒಡೆಯುವವರು ನಿಲ್ಲುವುದಿಲ್ಲವಷ್ಟೆ.

2014ರ ತರುವಾಯ ಓಪನ್‌ಎಸ್‌ಎಸ್‌ಎಲ್‌ಗೆ ಹಣವೂ ಪೂರ್ಣಕಾಲದ ಕೆಲಸಗಾರರೂ ಒದಗಿದರು. ಹಾರ್ಟ್‌ಬೀಟ್ ಸೌಲಭ್ಯವಾದರೋ 2016ರ 1.1.0ನೆಯ ಆವೃತ್ತಿಯಲ್ಲಿ ಟಿಎಲ್‌ಎಸ್ ಭಾಗದಿಂದ ಹೊರಬಿದ್ದಿತು, 2018ರ 1.1.1ರಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು.