ಕಾಮಗಾರಿ ಪ್ರಗತಿಯಲ್ಲಿದೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದು ತಂಡ ಒಂದು ಋತುವಿಗೆ 162 ಪಂದ್ಯ ಆಡುತ್ತದೆ. ಬೇಸಿಗೆಯುದ್ದಕ್ಕೂ ಹೆಚ್ಚುಕಡಿಮೆ ದಿನಾ ಆಟ. ಮೂರರಲ್ಲೊಂದು ಪಾಲು ಪಂದ್ಯವನ್ನು ಎಂಥ ತಂಡವೂ ಗೆಲ್ಲುತ್ತದೆ, ಮೂರರಲ್ಲೊಂದು ಪಾಲನ್ನು ಎಂಥ ತಂಡವೂ ಸೋಲುತ್ತದೆ, ಉಳಿದ ಪಾಲಿನಲ್ಲಿ ಏನು ಮಾಡುತ್ತದೆ ಎನ್ನುವುದೇ ಆಟ ಎಂದು ಇಲ್ಲಿನ ಹಳಬರು ಹೇಳುತ್ತಾರೆ. ಆ ಲೆಕ್ಕದಲ್ಲಿ ಸುಮ್ಮನೆ ಮೈದಾನಕ್ಕೆ ಇಳಿದವರಿಗೂ 54 ಗೆಲುವು ಸಿಗಬೇಕು. 2024ರಲ್ಲಿ ನಮ್ಮ ಶಿಕಾಗೊ ವೈಟ್ ಸಾಕ್ಸ್ ಗೆದ್ದದ್ದು 41, ಸೋತದ್ದು 121. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಒಂದೇ ಋತುವಿನಲ್ಲಿ ಇಷ್ಟು ಸೋತ ತಂಡ ಇನ್ನೊಂದಿಲ್ಲ. ಅದಕ್ಕೆ ಮುಂಚಿನ ದಾಖಲೆ 1962ರ ನ್ಯೂಯಾರ್ಕ್ ಮೆಟ್ಸ್‌ನದು, 120. ಆದರೆ ಮೆಟ್ಸ್ ಆ ವರ್ಷವಷ್ಟೇ ಹುಟ್ಟಿದ ಕೂಸು. ನಮ್ಮದು 1901ರಿಂದ ಆಡುತ್ತಿರುವ, 2005ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡ.

ಸೋಲಿನ ಬಗ್ಗೆ ನನ್ನ ತಕರಾರಿಲ್ಲ. ಆಟ ಎಂದಮೇಲೆ ಸೋಲು ಇದ್ದದ್ದೇ. ಈ ಸೋಲು ಒಂದು ಯೋಜನೆಯ ಕೊನೆಗೆ ಬಂತು ಎನ್ನುವುದು ನನ್ನ ತಕರಾರು. ದಾವಣಗೆರೆಯಲ್ಲಿ ಬಿ.ಕಾಂ. ಓದಿ, ಬೆಂಗಳೂರಿನಲ್ಲಿ ಸಿ.ಎ. ಮುಗಿಸಿ, ಶಿಕಾಗೊದ ಉಪನಗರವೊಂದರಲ್ಲಿ ಹದಿನಾರು ವರ್ಷಗಳಿಂದ ಬೇರೆಯವರ ಲೆಕ್ಕ ನೋಡಿಕೊಂಡಿರುವ ನನಗೆ, ಮೈದಾನದ ಆಟಕ್ಕಿಂತ ಈ ಯೋಜನೆಯ ಲೆಕ್ಕ ಹೆಚ್ಚು ಅರ್ಥವಾಗುತ್ತದೆ.

ಇಲ್ಲಿ ಇದಕ್ಕೆ 'ರೀಬಿಲ್ಡ್' ಎನ್ನುತ್ತಾರೆ. ತಂಡ ಸಾಧಾರಣವಾಗಿದೆ ಎಂದಿಟ್ಟುಕೊಳ್ಳಿ. ಇರುವ ಒಳ್ಳೆಯ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಇನ್ನೂ ಕೆಳಹಂತದ ಮೈನರ್ ಲೀಗ್‌ನಲ್ಲಿ ಪಳಗುತ್ತಿರುವ ಹುಡುಗರನ್ನು ತರುವುದು. ಮೂರು ನಾಲ್ಕು ವರ್ಷ ಸೋಲುವುದು. ಸೋತವರಿಗೆ ಹೊಸ ಪ್ರತಿಭೆಗಳನ್ನು ಮೊದಲು ಆರಿಸುವ ಅವಕಾಶ ಇರುವುದರಿಂದ ಇನ್ನಷ್ಟು ಹುಡುಗರನ್ನು ಕೂಡಿಸುವುದು. ಅವರೆಲ್ಲ ಒಟ್ಟಿಗೆ ಮಾಗಿದಾಗ ಗೆಲ್ಲುವುದು. ಅಲ್ಲಿಯವರೆಗೆ ಅಭಿಮಾನಿ ಟಿಕೆಟ್ ಕೊಂಡು ಕಾಯುತ್ತಿರಬೇಕು.

ಯೋಜನೆಯೇನೋ ಮೂರ್ಖತನದ್ದಲ್ಲ. ಹೂಸ್ಟನ್ ಆಸ್ಟ್ರೋಸ್ 2011ರಿಂದ ಮೂರು ವರ್ಷ ಕ್ರಮವಾಗಿ 106, 107, 111 ಪಂದ್ಯ ಸೋತು 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿತು. ಎದುರಾಳಿಯ ಸನ್ನೆ ಕದ್ದ ಹಗರಣ ಆ ಗೆಲುವಿಗೆ ಮಸಿ ಬಳಿದದ್ದು ಬೇರೆ ಕತೆ. ನಮ್ಮದೇ ಊರಿನ ಉತ್ತರ ಭಾಗದ ಕಬ್ಸ್ ತಂಡ 2012ರಲ್ಲಿ 101 ಸೋತು, 2016ರಲ್ಲಿ 108 ವರ್ಷಗಳ ಬರ ನೀಗಿಸಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಭಾಗದ ನಮ್ಮವರೂ ಅಂಗಡಿಯ ಮುಂದೆ 'ಮಾರಾಟಕ್ಕಿದೆ' ಬೋರ್ಡು ಹಾಕಿದರು.

ಎಡಗೈ ಪಿಚರ್ ಕ್ರಿಸ್ ಸೇಲ್ ಬಾಸ್ಟನ್‌ಗೆ ಹೋದ, ಬದಲಿಗೆ ನಾಲ್ವರು ಹುಡುಗರು ಬಂದರು. ಆ್ಯಡಮ್ ಈಟನ್ ವಾಷಿಂಗ್ಟನ್‌ಗೆ ಹೋದ, ಮೂವರು ಬಂದರು. ಮರುವರ್ಷ ಹೊಸೆ ಕಿಂಟಾನಾನನ್ನು ಕಬ್ಸ್‌ಗೇ ಕೊಟ್ಟು ಎಲೋಯ್ ಹಿಮೆನೆಸ್, ಡಿಲನ್ ಸೀಸ್ ಅವರನ್ನು ತಂದರು. ಎಲ್ಲರೂ ಶಹಬ್ಬಾಸ್ ಎಂದರು, ನಾನೂ ಎಂದೆ. ಈಗ ನೋಡಿದರೂ ಆ ವ್ಯಾಪಾರಗಳು ಕೆಟ್ಟವಲ್ಲ. ಬಂದ ಹುಡುಗರಲ್ಲಿ ಹಲವರು ನಿಜವಾಗಿಯೂ ಆಟಗಾರರಾದರು. 2017ರಲ್ಲಿ 95, 2018ರಲ್ಲಿ 100, 2019ರಲ್ಲಿ 89 ಸೋಲುಗಳನ್ನು ನಾವು ಹೂಡಿಕೆ ಎಂದುಕೊಂಡು ನುಂಗಿದೆವು. 2020 ಮತ್ತು 2021ರಲ್ಲಿ ತಂಡ ಸತತ ಎರಡು ವರ್ಷ ಪ್ಲೇಆಫ್ ತಲುಪಿತು. ಅದರ ಇತಿಹಾಸದಲ್ಲೇ ಹಾಗಾದದ್ದು ಅದು ಮೊದಲು.

ಮುಂದೆ? 2020ರ ಪ್ಲೇಆಫ್‌ನಲ್ಲಿ ಒಂದು ಗೆಲುವು, 2021ರಲ್ಲಿ ಒಂದು ಗೆಲುವು. 2022ರಲ್ಲಿ 81 ಗೆದ್ದು 81 ಸೋತದ್ದು. 2023ರಲ್ಲಿ 101 ಸೋಲು. ಆ ಆಗಸ್ಟಿನಲ್ಲಿ ಯೋಜನೆಯ ಇಬ್ಬರು ಮುಖ್ಯಸ್ಥರನ್ನೂ ಮನೆಗೆ ಕಳಿಸಿದರು. ಏಳು ವರ್ಷದ ಕಾಮಗಾರಿಯ ಒಟ್ಟು ಉತ್ಪತ್ತಿ ಪ್ಲೇಆಫ್‌ನಲ್ಲಿ ಎರಡು ಪಂದ್ಯ. ಇತ್ತ ಸೇಲ್ 2018ರಲ್ಲಿ ಬಾಸ್ಟನ್ ಪರ, ಈಟನ್ 2019ರಲ್ಲಿ ವಾಷಿಂಗ್ಟನ್ ಪರ ವರ್ಲ್ಡ್ ಸೀರೀಸ್ ಗೆದ್ದು ಉಂಗುರ ತೊಟ್ಟಾಗಿತ್ತು.

ತಪ್ಪಿದ್ದು ಎಲ್ಲಿ? ಮಾರುವುದರಲ್ಲಿ ಅಲ್ಲ, ಮುಗಿಸುವುದರಲ್ಲಿ.

ಮೇಜರ್ ಲೀಗ್‌ಗೆ ಕಾಲಿಟ್ಟ ಹುಡುಗ ಸುಮಾರು ಆರು ಋತು ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸು. 2024ರಲ್ಲಿ ಅದು 7 ಲಕ್ಷ 40 ಸಾವಿರ ಡಾಲರ್ ಇತ್ತು. ನಮಗೆ ದೊಡ್ಡದು, ಆ ಲೋಕದಲ್ಲಿ ಚಿಲ್ಲರೆ. ಮುಂದಿನ ಮೂರು ವರ್ಷ ಚೌಕಾಸಿಯ ಸಂಬಳ. ಆಮೇಲೆ ಅವನು ಸ್ವತಂತ್ರ. ಅಂದರೆ ಈ ಹುಡುಗರು ಜಮೀನಿನ ಹಾಗಲ್ಲ, ಕೊಂಡಿಟ್ಟರೆ ಬೆಲೆ ಏರುತ್ತಾ ಹೋಗಲು. ಮಾವಿನಹಣ್ಣಿನ ಹಾಗೆ. ಮಾಗಿದ ವಾರದಲ್ಲಿ ಊಟಕ್ಕೆ ಬಳಸಬೇಕು. ಅಗ್ಗದ ಹುಡುಗರಿಂದ ಉಳಿದ ಹಣವನ್ನು ಆಗಲೇ ತೆಗೆದು, ಕೊರತೆಯಿರುವ ಜಾಗಕ್ಕೆ ದೊಡ್ಡ ಆಟಗಾರರನ್ನು ತರಬೇಕು. ಕಬ್ಸ್ 2014ರ ಡಿಸೆಂಬರಿನಲ್ಲಿ ಪಿಚರ್ ಜಾನ್ ಲೆಸ್ಟರ್‌ನಿಗೆ ಆರು ವರ್ಷಕ್ಕೆ 15 ಕೋಟಿ 50 ಲಕ್ಷ ಡಾಲರ್ ಕೊಟ್ಟು ತಂದದ್ದು ಇದಕ್ಕೇ. ಹೂಸ್ಟನ್ 2017ರ ಆಗಸ್ಟಿನಲ್ಲಿ ಜಸ್ಟಿನ್ ವರ್ಲ್ಯಾಂಡರ್‌ನನ್ನು ತಂದದ್ದೂ ಇದಕ್ಕೇ.

ನಮ್ಮವರು 2019ರ ಆರಂಭದಲ್ಲಿ ಮ್ಯಾನಿ ಮಚಾಡೊನ ಬೆನ್ನು ಹತ್ತಿದರು. ಅವನು 10 ವರ್ಷಕ್ಕೆ 30 ಕೋಟಿ ಡಾಲರ್ ಒಪ್ಪಿ ಸ್ಯಾನ್ ಡಿಯಾಗೊಗೆ ಹೋದ. ವೈಟ್ ಸಾಕ್ಸ್ ಇತಿಹಾಸದಲ್ಲಿ ಒಬ್ಬ ಆಟಗಾರನಿಗೆ ಕೊಟ್ಟ ಅತಿ ದೊಡ್ಡ ಒಪ್ಪಂದ 7 ಕೋಟಿ 50 ಲಕ್ಷ ಡಾಲರ್, ಅದೂ 2022ರ ಡಿಸೆಂಬರಿನಲ್ಲಿ, ಹಣ್ಣು ಕೊಳೆಯತೊಡಗಿದ ಮೇಲೆ. ರೈಟ್ ಫೀಲ್ಡ್ ಜಾಗಕ್ಕೆ ವರ್ಷಗಟ್ಟಲೆ ಕಾಯಂ ಆಟಗಾರನೇ ಸಿಗಲಿಲ್ಲ. ಗೋಡೆ ಎದ್ದಿತು, ತಾರಸಿ ಹಾಕಲು ಸಿಮೆಂಟ್ ತರಿಸಲಿಲ್ಲ. 2020ರಲ್ಲಿ ಪ್ಲೇಆಫ್‌ಗೆ ಮುಟ್ಟಿಸಿದ ಮ್ಯಾನೇಜರನನ್ನು ತೆಗೆದು, ಮಾಲೀಕರ ಹಳೆಯ ಸ್ನೇಹಿತ, 2011ರಿಂದ ಆ ಕೆಲಸವನ್ನೇ ಮಾಡಿರದ 76 ವರ್ಷದ ಟೋನಿ ಲಾ ರೂಸಾ ಅವರನ್ನು ಕರೆತಂದರು. ಲಾ ರೂಸಾ ದೊಡ್ಡ ಹೆಸರೇ, ಹಾಲ್ ಆಫ್ ಫೇಮ್ ಸೇರಿದವರು. ಆದರೆ ಆ ನೇಮಕ ಯೋಜನೆಯ ಯಾವ ಪುಟದಲ್ಲೂ ಇರಲಿಲ್ಲ.

ಗಾಯಗಳು ಕೈಕೊಟ್ಟವು ಎನ್ನುವವರಿದ್ದಾರೆ. ನಿಜ. ಹಿಮೆನೆಸ್, ಲೂಯಿಸ್ ರಾಬರ್ಟ್, ಯೋಆನ್ ಮೊಂಕಾಡಾ ಮೂವರೂ ತಿಂಗಳುಗಟ್ಟಲೆ ಹೊರಗೆ ಕೂತರು. ಆದರೆ ಪಿ.ಯು.ಸಿ. ಕಾಮರ್ಸ್ ಓದಿದ ಹುಡುಗನಿಗೂ ಗೊತ್ತು: ಬರಬೇಕಾದ ಬಾಕಿ ಎಲ್ಲವೂ ಬರುವುದಿಲ್ಲ, ಅದಕ್ಕೇ ಸಂಶಯಾಸ್ಪದ ಸಾಲಗಳಿಗೆ ಮೊದಲೇ ಒಂದು ಮೀಸಲು ತೆಗೆದಿಡುತ್ತೇವೆ. ಹತ್ತು ಹುಡುಗರಲ್ಲಿ ನಾಲ್ವರು ಕೈಗೆ ಹತ್ತುವುದಿಲ್ಲ ಎನ್ನುವುದು ಆಕಸ್ಮಿಕವಲ್ಲ, ಈ ವ್ಯಾಪಾರದ ಸ್ವಭಾವ. ಹತ್ತೂ ಜನ ಬರುತ್ತಾರೆ ಎಂದು ಹಾಕಿದ ಲೆಕ್ಕವನ್ನು ಯಾವ ಆಡಿಟರೂ ಸಹಿ ಮಾಡಿ ಕೊಡಲಾರ.

ಇನ್ನು ನಷ್ಟ ಯಾರ ಖಾತೆಗೆ ಹೋಯಿತು ಎಂದು ನೋಡೋಣ. ಮಾಲೀಕ ಜೆರಿ ರೈನ್ಸ್‌ಡಾರ್ಫ್ ವೃತ್ತಿಯಿಂದ ತೆರಿಗೆ ವಕೀಲರು. 1981ರಲ್ಲಿ ಅವರ ಗುಂಪು ತಂಡವನ್ನು ಕೊಂಡದ್ದು ಸುಮಾರು 2 ಕೋಟಿ ಡಾಲರಿಗೆ. ಮಾರಿದವರು ಬಿಲ್ ವೀಕ್. ಆಟಗಾರರ ಒಪ್ಪಂದಗಳಿಗೂ ಯಂತ್ರಗಳಂತೆ ಸವಕಳಿ ತೋರಿಸಿ ತೆರಿಗೆ ಉಳಿಸಬಹುದೆಂದು ಬೇಸ್‌ಬಾಲ್ ಲೋಕಕ್ಕೆ ತೋರಿಸಿಕೊಟ್ಟ ಪುಣ್ಯಾತ್ಮ. ಇಂದು ಆ ತಂಡದ ಅಂದಾಜು ಬೆಲೆ 200 ಕೋಟಿ ಡಾಲರಿನ ಆಸುಪಾಸು. 121 ಪಂದ್ಯ ಸೋತದ್ದಕ್ಕೆ ಈ ಅಂಕಿಯೇನೂ ಕುಸಿದುಬೀಳಲಿಲ್ಲ. ಅಮೆರಿಕದ ಲೀಗ್‌ನಲ್ಲಿ, ಇಂಗ್ಲೆಂಡಿನ ಫುಟ್‌ಬಾಲಿನಂತೆ, ಕೊನೆಯ ಸ್ಥಾನ ಬಂದವರನ್ನು ಕೆಳದರ್ಜೆಗೆ ತಳ್ಳುವ ಪದ್ಧತಿಯೂ ಇಲ್ಲ. ಟಿ.ವಿ. ಹಣದ ಪಾಲು ಎಲ್ಲರಿಗೂ ಬರುತ್ತದೆ. ಹೀಗಾಗಿ ರೀಬಿಲ್ಡ್ ಎಂಬುದು ಅಭಿಮಾನಿಯಿಂದ ಪಡೆದ ಕೈಸಾಲ. ಬಡ್ಡಿಯಿಲ್ಲ, ಪತ್ರವಿಲ್ಲ, ತೀರಿಸುವ ದಿನಾಂಕವಿಲ್ಲ. ತೀರಿಸದಿದ್ದರೆ ಕೇಳುವವರೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ತವರಿನ ಕೊನೆಯ ಸರಣಿಯಲ್ಲಿ ಜನ ತಂಡ ಮಾರಿ ಹೋಗಿ ಎಂದು ಮಾಲೀಕರಿಗೆ ಕೂಗಿದರು. ಸಾಲ ಕೊಟ್ಟವರಿಗೆ ಉಳಿದಿದ್ದ ನೋಟಿಸು ಅದೊಂದೇ.

ಸೋತರೆ ಮೊದಲ ಆಯ್ಕೆಯಾದರೂ ಸಿಗಬೇಕಲ್ಲ? ಅದೂ ಸಿಗಲಿಲ್ಲ. ಬೇಕೆಂದೇ ಸೋಲುವುದನ್ನು ತಡೆಯಲು ಲೀಗ್ ಈಗ ಲಾಟರಿ ಎತ್ತುತ್ತದೆ. ಹಣವಂತ ನಗರದ ತಂಡಗಳಿಗೆ ಸತತ ಎರಡು ವರ್ಷ ಆ ಲಾಟರಿಯಲ್ಲಿ ಪಾಲಿಲ್ಲ. ಶಿಕಾಗೊ ಹಣವಂತ ನಗರ. ಹಾಗಾಗಿ ಇತಿಹಾಸದ ಅತಿ ಕೆಟ್ಟ ಋತುವಿನ ನಂತರ 2025ರಲ್ಲಿ ನಮಗೆ ಸಿಕ್ಕದ್ದು 10ನೇ ಆಯ್ಕೆ. ನಗರ ಶ್ರೀಮಂತವೆಂದು ನಿಯಮ ಹೇಳುತ್ತದೆ, ಖರ್ಚಿನ ಪಟ್ಟಿ ಮಾತ್ರ ಬಡವರದ್ದು.

ಊರಿನ ಓದುಗರು ಇಲ್ಲಿ ಆರ್‌ಸಿಬಿಯನ್ನು ನೆನೆಯಬಹುದು. ಹದಿನೆಂಟನೇ ಋತುವಿನವರೆಗೆ, 2025ರ ಜೂನ್‌ವರೆಗೆ, ಕಾದವರಿಗೆ ಬೇರೆಯವರ ತಾಳ್ಮೆಯ ಪಾಠ ಬೇಕಿಲ್ಲ. ಆದರೆ ವ್ಯತ್ಯಾಸ ಗಮನಿಸಿ. ಆರ್‌ಸಿಬಿ 2017ರಲ್ಲಿ, 2019ರಲ್ಲಿ ಪಟ್ಟಿಯ ತಳದಲ್ಲಿತ್ತು ನಿಜ, ಆದರೂ ಪ್ರತಿ ವರ್ಷ ಕಪ್ ಗೆಲ್ಲಲೆಂದೇ ಇಳಿಯಿತು. ಹರಾಜಿನಲ್ಲಿ ಎಲ್ಲ ತಂಡಗಳ ಕೈಯಲ್ಲೂ ಒಂದೇ ಮಿತಿಯ ಹಣ, ಕೆಲವು ವರ್ಷಕ್ಕೊಮ್ಮೆ ತಂಡಗಳೇ ಒಡೆದು ಹೊಸದಾಗುತ್ತವೆ. ಅಲ್ಲಿ ಐದು ವರ್ಷ ಸೋಲುವ ಯೋಜನೆ ಹಾಕಿದರೆ ಲಾಭವೇ ಇಲ್ಲ. ಬೆಂಗಳೂರಿನ ಅಭಿಮಾನಿಯದು ನಿರಾಶೆ. ಶಿಕಾಗೊ ದಕ್ಷಿಣದವನದು, ನಿರಾಶೆಯಾಗುವಂತೆ ಮುಂಚಿತವಾಗಿ ಕೇಳಿಕೊಂಡು, ಆಮೇಲೆ ಮರೆತುಬಿಟ್ಟ ಮನೆಯವರ ಮೇಲಿನ ಸಿಟ್ಟು.

ಈಗ ಎರಡನೇ ರೀಬಿಲ್ಡ್ ನಡೆದಿದೆ. ನೇತೃತ್ವ ಹೊರಗಿನವರಿಗೆ ಸಿಗಲಿಲ್ಲ. ಹಿಂದಿನ ಆಡಳಿತದಲ್ಲಿ ಹುಡುಗರನ್ನು ಪಳಗಿಸುವ ವಿಭಾಗ ನೋಡಿಕೊಳ್ಳುತ್ತಿದ್ದ ಕ್ರಿಸ್ ಗೆಟ್ಜ್ ಅವರಿಗೇ ಸಿಕ್ಕಿತು. 2024ರ ಡಿಸೆಂಬರಿನಲ್ಲಿ ಎಡಗೈ ಪಿಚರ್ ಗ್ಯಾರೆಟ್ ಕ್ರೋಶೆ ಬಾಸ್ಟನ್‌ಗೆ ಹೋದ, ಬದಲಿಗೆ ನಾಲ್ವರು ಹುಡುಗರು ಬಂದರು. ಮೇಲಿನ ಸಾಲನ್ನೇ ಮತ್ತೆ ಬರೆದೆನೆಂದುಕೊಳ್ಳಬೇಡಿ. ಎಂಟು ವರ್ಷದ ನಂತರ ಅದೇ ತಿಂಗಳು, ಅದೇ ಊರು, ಅಷ್ಟೇ ಹುಡುಗರು. ಕ್ರೋಶೆ ಮರುವರ್ಷವೇ ತನ್ನ ಲೀಗಿನ ಅತ್ಯುತ್ತಮ ಪಿಚರ್ ಪ್ರಶಸ್ತಿಯಲ್ಲಿ ಎರಡನೆಯವನಾದ.

ನ್ಯಾಯವಾಗಿ ಹೇಳಬೇಕಾದ್ದೂ ಇದೆ. 2025ರಲ್ಲಿ ತಂಡ ಮತ್ತೆ 102 ಸೋತರೂ ಗೆಲುವು 41ರಿಂದ 60ಕ್ಕೆ ಏರಿತು. ಕ್ರೋಶೆ ಬದಲಿಗೆ ಬಂದ ಕೈಲ್ ಟೀಲ್ ಮತ್ತು ಚೇಸ್ ಮೈಡ್ರಾತ್ ಮೊದಲ ವರ್ಷವೇ ಆಡಿ ತೋರಿಸಿದರು. ತಂಡವೇ ಆರಿಸಿ ಬೆಳೆಸಿದ ಕೋಲ್ಸನ್ ಮಾಂಟ್‌ಗಮರಿ 71 ಪಂದ್ಯಗಳಲ್ಲಿ 21 ಹೋಮ್ ರನ್ ಹೊಡೆದ. ಆ ಬೇಸಿಗೆಯಲ್ಲಿ ಮಗಳ ಜೊತೆ ಕೂತು ಆಟ ನೋಡಿದಾಗ, ಎಷ್ಟೋ ಕಾಲದ ಮೇಲೆ ಏಳನೇ ಇನಿಂಗ್ಸ್‌ಗೆ ಮುಂಚೆ ಎದ್ದು ಹೋಗುವ ಮನಸ್ಸಾಗಲಿಲ್ಲ. ಹೊಸ ಪೋಪ್ ಹದಿನಾಲ್ಕನೇ ಲಿಯೋ ಕೂಡ ಈ ತಂಡದ ಅಭಿಮಾನಿ. ಪ್ರಾರ್ಥನೆಗಂತೂ ಕೊರತೆಯಿಲ್ಲ.

ಹಾಗಾಗಿ ತಂಡದಿಂದ ನಾನು ಕೇಳುವುದು ಹೆಚ್ಚೇನಲ್ಲ. ಯಾವ ಸರಕಾರಿ ಕಾಮಗಾರಿಯ ಬೋರ್ಡಿನಲ್ಲೂ ಮೂರು ಸಾಲು ಇರುತ್ತವೆ: ಅಂದಾಜು ವೆಚ್ಚ, ಮುಗಿಸುವ ದಿನಾಂಕ, ಹೊಣೆ ಹೊತ್ತವರ ಹೆಸರು. ಮೊದಲ ರೀಬಿಲ್ಡ್‌ನಲ್ಲಿ ಮೂರೂ ಖಾಲಿ ಇದ್ದವು. ಎರಡನೆಯದರಲ್ಲಿ ಅವು ತುಂಬಿವೆಯೇ ಎಂದು ತಿಳಿಯಲು ಭಾಷಣ ಕೇಳಬೇಕಿಲ್ಲ. ಮಾಂಟ್‌ಗಮರಿ, ಟೀಲ್ ಮೇಜರ್ ಲೀಗ್‌ಗೆ ಬಂದದ್ದು 2025ರಲ್ಲಿ. ಅವರು ಅಗ್ಗದಲ್ಲಿ ಆಡುವುದು ಹೆಚ್ಚೆಂದರೆ 2028ರ ಕೊನೆಯವರೆಗೆ. ಅಷ್ಟರೊಳಗೆ ಈ ತಂಡ ಒಬ್ಬನಿಗಾದರೂ 7 ಕೋಟಿ 50 ಲಕ್ಷ ಡಾಲರ್ ಮೀರಿದ ಒಪ್ಪಂದ ಬರೆದರೆ ತಾರಸಿಗೆ ಸಿಮೆಂಟ್ ಬಂತೆಂದು ತಿಳಿಯಿರಿ. ಬರೆಯದಿದ್ದರೆ, ಮುಂದಿನ ಯಾವುದೋ ಡಿಸೆಂಬರಿನಲ್ಲಿ ಬಾಸ್ಟನ್‌ನಿಂದ ಇನ್ನೂ ನಾಲ್ವರು ಹುಡುಗರು ಬರುತ್ತಾರೆ.