ಬಲ, ಒತ್ತಡ, ಶಕ್ತಿ: ನಮ್ಮ ಬರವಣಿಗೆಯ ಗೊಂದಲ

ನಮ್ಮ ವಿಜ್ಞಾನ ಬರವಣಿಗೆಯಲ್ಲಿ ‘ಶಕ್ತಿ’ ಎಂಬ ಪದಕ್ಕೆ ಬಿಡುವೇ ಇಲ್ಲ. ಸೇಬು ನೆಲಕ್ಕೆ ಬೀಳುವುದು ‘ಗುರುತ್ವಾಕರ್ಷಣ ಶಕ್ತಿ’ಯಿಂದ. ಪಂಪ್‌ಸೆಟ್ಟಿನ ಮೋಟಾರು 5 ‘ಅಶ್ವಶಕ್ತಿ’ಯದು. ಮನೆಯ ಮೀಟರು ಲೆಕ್ಕ ಹಾಕುವುದು ‘ವಿದ್ಯುಚ್ಛಕ್ತಿ’ಯನ್ನು. ಇವುಗಳಲ್ಲಿ ಮೊದಲನೆಯದು ಬಲ. ಅದನ್ನು ನ್ಯೂಟನ್‌ಗಳಲ್ಲಿ ಅಳೆಯುತ್ತೇವೆ. ಎರಡನೆಯದು ಸಾಮರ್ಥ್ಯ, ಅಂದರೆ ಕೆಲಸ ನಡೆಯುವ ದರ. 1 ಅಶ್ವಶಕ್ತಿ ಎಂದರೆ ಸುಮಾರು 746 ವಾಟ್. ಮೂರನೆಯದು ಮಾತ್ರ ನಿಜವಾಗಿ ಶಕ್ತಿ; ಮೀಟರಿನ 1 ಯೂನಿಟ್ ಎಂದರೆ 36 ಲಕ್ಷ ಜೂಲ್.

ಇದು ಕನ್ನಡವೊಂದರ ದೋಷವಲ್ಲ ಎಂಬುದನ್ನೂ ಹೇಳಬೇಕು. ಶಕ್ತಿ ಸಂರಕ್ಷಣಾ ನಿಯಮವನ್ನು ಕುರಿತು ಹೆಲ್ಮ್‌ಹೋಲ್ಟ್ಸ್ 1847ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಶೀರ್ಷಿಕೆಯಲ್ಲೇ ಇರುವುದು ‘ಕ್ರಾಫ್ಟ್’ ಎಂಬ ಜರ್ಮನ್ ಪದ. ಇಂದು ಆ ಪದಕ್ಕೆ ಭೌತವಿಜ್ಞಾನದಲ್ಲಿ ಬಲ ಎಂದೇ ಅರ್ಥ. ‘ಎನರ್ಜಿ’ ಪದವನ್ನು ಥಾಮಸ್ ಯಂಗ್ 1807ರಷ್ಟು ಹಿಂದೆಯೇ ಬಳಸಿದ್ದರೂ ಅದು ನೆಲೆಯೂರಲು ಅರ್ಧ ಶತಮಾನವೇ ಹಿಡಿಯಿತು. ಆದರೆ ಅಲ್ಲಿಯವರು 19ನೇ ಶತಮಾನ ಮುಗಿಯುವಷ್ಟರಲ್ಲಿ ಪದಗಳನ್ನು ಬೇರ್ಪಡಿಸಿಕೊಂಡರು. ನಮ್ಮಲ್ಲಿ ಬಲ, ಒತ್ತಡ, ಶಕ್ತಿ, ಸಾಮರ್ಥ್ಯ ಎಂಬ ನಾಲ್ಕು ಒಳ್ಳೆಯ ಪದಗಳು ಪಠ್ಯಪುಸ್ತಕದಲ್ಲಿವೆ. ಪುಸ್ತಕ ಮುಚ್ಚಿದೊಡನೆ ನಾಲ್ಕೂ ಒಂದೇ ಚೀಲಕ್ಕೆ ಬೀಳುತ್ತವೆ.

ಪದ ಸರಿಯಿದ್ದಲ್ಲಿಯೂ ಕಲ್ಪನೆ ಸರಿಯಿರುತ್ತದೆಂಬ ಭರವಸೆಯಿಲ್ಲ. ‘ಏಕಮಾನ ವಿಸ್ತೀರ್ಣದ ಮೇಲೆ ವರ್ತಿಸುವ ಬಲವೇ ಒತ್ತಡ’ ಎಂಬ ವ್ಯಾಖ್ಯೆಯನ್ನು ವಿದ್ಯಾರ್ಥಿಗಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ವಾಯುವಿನ ಒತ್ತಡ ಯಾವ ದಿಕ್ಕಿಗೆ ಎಂದು ಪದವಿ ತರಗತಿಯಲ್ಲಿ ಕೇಳಿ ನೋಡಿ, ಹೆಚ್ಚಿನವರು ನೆಲದತ್ತ ಬೆರಳು ತೋರಿಸುತ್ತಾರೆ. ಒತ್ತಡಕ್ಕೆ ದಿಕ್ಕಿಲ್ಲ. ಅದು ದ್ರವ ಅಥವಾ ಅನಿಲದೊಳಗಿನ ಒಂದು ಬಿಂದುವಿನ ಸ್ಥಿತಿ. ಅಲ್ಲೊಂದು ಮೇಲ್ಮೈ ಇಟ್ಟಾಗ ಅದಕ್ಕೆ ಲಂಬವಾಗಿ ಬಲ ಕಾಣಿಸಿಕೊಳ್ಳುತ್ತದೆ. ದಿಕ್ಕನ್ನು ಕೊಡುವುದು ಮೇಲ್ಮೈ.

ಮಳೆಗಾಲದಲ್ಲಿ ಪತ್ರಿಕೆಗಳು ಬರೆಯುವ ‘ವಾಯುಭಾರ ಕುಸಿತ’ ಈ ತಪ್ಪಿಗೆ ನೀರೆರೆಯುತ್ತದೆ. ಭಾರವೆಂದರೆ ಬಲ, ಅದೂ ಕೆಳಮುಖವಾದ ಬಲ. ತಲೆಯ ಮೇಲಿನ ಗಾಳಿಕಂಬದ ತೂಕದಿಂದ ಒತ್ತಡ ಉಂಟಾಗುವುದು ನಿಜ, ಆದ್ದರಿಂದ ಪದ ಪೂರ್ತಿ ಸುಳ್ಳಲ್ಲ. ಆದರೆ ಕೋಣೆಯೊಳಗಿನ ಮೇಜನ್ನು ನೋಡಿ. ಅದರ ಮತ್ತು ತಾರಸಿಯ ನಡುವೆ ಎರಡು ಮೀಟರ್ ಗಾಳಿಯಿದ್ದರೆ, ಒಂದು ಚದರ ಮೀಟರಿಗೆ ಅದರ ತೂಕ ಎರಡೂವರೆ ಕಿಲೋಗ್ರಾಂ ಕೂಡ ಆಗದು. ಆದರೂ ಮೇಜಿನ ಮೇಲಿನ ಒತ್ತಡ ಬಯಲಿನಲ್ಲಿರುವಷ್ಟೇ: ಪ್ರತಿ ಚದರ ಮೀಟರಿಗೆ ಸುಮಾರು ಒಂದು ಲಕ್ಷ ನ್ಯೂಟನ್, ಅಂದರೆ ಹತ್ತು ಟನ್ ತೂಕಕ್ಕೆ ಸಮ. ಮೇಜು ಮುರಿಯದಿರುವುದೇಕೆಂದರೆ ಅಡಿಯಿಂದಲೂ ಗಾಳಿ ಅಷ್ಟೇ ಬಲದಿಂದ ಮೇಲಕ್ಕೆ ಒತ್ತುತ್ತಿದೆ. ‘ಭಾರ’ ಎಂದವನು ಇದನ್ನು ವಿವರಿಸಲಾರ.

ಒತ್ತಡವನ್ನೂ ಶಕ್ತಿಯನ್ನೂ ಬೆರೆಸಿದರೆ ಪ್ರಾಣಕ್ಕೇ ಅಪಾಯ. ಬಾಯ್ಲರನ್ನೋ ಅನಿಲದ ಟ್ಯಾಂಕನ್ನೋ ತಯಾರಿಸಿದ ಮೇಲೆ ಅದು ಒತ್ತಡ ತಡೆಯುತ್ತದೆಯೇ ಎಂದು ನೋಡಲು ಎಂಜಿನಿಯರರು ಸಾಮಾನ್ಯವಾಗಿ ಒಳಗೆ ಗಾಳಿ ತುಂಬುವುದಿಲ್ಲ, ತಣ್ಣೀರು ತುಂಬುತ್ತಾರೆ. ಏಕೆ? 100 ಲೀಟರಿನ ಟ್ಯಾಂಕಿನಲ್ಲಿ ಹೊರಗಿಗಿಂತ 10 ವಾಯುಮಂಡಲದಷ್ಟು ಹೆಚ್ಚು ಒತ್ತಡವಿದೆ ಎನ್ನೋಣ. ಒಳಗಿರುವುದು ನೀರಾಗಲಿ ಗಾಳಿಯಾಗಲಿ, ಮಾಪಕದ ಮುಳ್ಳು ಅದೇ ಅಂಕಿ ತೋರಿಸುತ್ತದೆ. ಗೋಡೆಯ ಮೇಲಿನ ಬಲವೂ ಅದೇ. ಆದರೆ ಶಕ್ತಿ ಸಂಗ್ರಹವಾಗಬೇಕಾದರೆ ಒತ್ತಡದ ಜೊತೆ ಗಾತ್ರವೂ ಬದಲಾಗಬೇಕು. ಆ ಒತ್ತಡದಲ್ಲಿ 100 ಲೀಟರ್ ನೀರು ಕುಗ್ಗುವುದು ಸುಮಾರು 45 ಮಿಲಿಲೀಟರ್ ಮಾತ್ರ. ಅದರಲ್ಲಿ ಕೂಡಿಟ್ಟ ಶಕ್ತಿ ಇಪ್ಪತ್ತು ಜೂಲ್‌ಗಿಂತ ತುಸು ಹೆಚ್ಚು; ಎರಡು ಕಿಲೋ ಅಕ್ಕಿಯ ಚೀಲವನ್ನು ಒಂದು ಮೀಟರ್ ಎತ್ತುವಷ್ಟು. ಗಾಳಿಯಾದರೋ 1100 ಲೀಟರಿನಿಂದ 100 ಲೀಟರಿಗೆ ಅದುಮಲ್ಪಟ್ಟಿದೆ. ಟ್ಯಾಂಕು ಸೀಳಿದರೆ ಹೊರಬೀಳುವ ಶಕ್ತಿ ಒಂದು ಲಕ್ಷ ಜೂಲ್‌ನ ಆಸುಪಾಸಿನದು. ಒಂದು ಟನ್ ಹೊರೆಯನ್ನು ಹತ್ತು ಮೀಟರ್ ಎತ್ತಬಲ್ಲಷ್ಟು. ನೀರಿನ ಟ್ಯಾಂಕು ಬಿರುಕುಬಿಟ್ಟರೆ ನೆಲ ಒದ್ದೆಯಾಗುತ್ತದೆ, ಗಾಳಿಯದು ಒಡೆದರೆ ಲೋಹದ ಚೂರು ಹಾರುತ್ತದೆ. ಪಂಕ್ಚರ್ ಅಂಗಡಿಯ ತುಕ್ಕು ಹಿಡಿದ ಕಂಪ್ರೆಸರಿನ ಪಕ್ಕದಲ್ಲೇ ಕೂತು ಚಹಾ ಕುಡಿಯುವವರಿಗೆ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಇಷ್ಟು ಸೊಗಸಾದ ಉದಾಹರಣೆಯನ್ನು ಬಿಟ್ಟು ‘ಬಲ ಮತ್ತು ಒತ್ತಡಗಳ ವ್ಯತ್ಯಾಸ ಪಟ್ಟಿಮಾಡಿ’ ಎಂದು ಕೇಳಿ ಅಂಕ ಕೊಡುವುದು ನನಗಂತೂ ಸೋಮಾರಿತನವೆಂದೇ ತೋರುತ್ತದೆ.

ಹಾಗಾದರೆ ನೀರಿರುವ ಕುಕ್ಕರ್ ಏಕೆ ಸಿಡಿಯುತ್ತದೆ ಎಂದು ಓದುಗರು ಕೇಳಬಹುದು. ಅದರ ಒತ್ತಡ ಹೊರಗಿಗಿಂತ ಒಂದು ವಾಯುಮಂಡಲದಷ್ಟು ಮಾತ್ರ ಹೆಚ್ಚು, ನಮ್ಮ ಟ್ಯಾಂಕಿನ ಹತ್ತನೇ ಒಂದು ಪಾಲು. ಆದರೆ ಒಳಗಿನ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ಮುಚ್ಚಳ ಹಾರಿ ಒತ್ತಡ ಇಳಿದ ಕ್ಷಣವೇ, ಲೀಟರಿಗೆ 35 ಗ್ರಾಮಿನಷ್ಟು ನೀರು ಒಮ್ಮೆಲೇ ಆವಿಯಾಗಿ 60 ಲೀಟರಿನಷ್ಟು ಜಾಗ ಬೇಡುತ್ತದೆ. ಅನಾಹುತ ಮಾಡುವುದು ಉಷ್ಣದ ರೂಪದಲ್ಲಿದ್ದ ಆ ಶಕ್ತಿ. ಒತ್ತಡಮಾಪಕದ ಮುಳ್ಳು ಅದನ್ನು ತೋರಿಸುವುದೇ ಇಲ್ಲ.