ಐದಕ್ಕೆ ಐದು ಎಂಬ ಓದು

2023ರ ಮೇ 13ರಂದು ವಿಧಾನಸಭಾ ಚುನಾವಣೆಯ ಫಲಿತಾಂಶ ಬಂತು. ಮರುದಿನದ ಪತ್ರಿಕೆಗಳಲ್ಲಿ ಎಂದಿನಂತೆ ಜಿಲ್ಲಾವಾರು ಪಟ್ಟಿ, ಪಕ್ಕದಲ್ಲಿ ಬಣ್ಣ ತುಂಬಿದ ರಾಜ್ಯದ ನಕ್ಷೆ. ಉಡುಪಿಯ ಐದಕ್ಕೆ ಐದೂ ಬಿಜೆಪಿಗೆ, ಘಟ್ಟ ಹತ್ತಿದರೆ ಸಿಗುವ ಚಿಕ್ಕಮಗಳೂರಿನ ಐದಕ್ಕೆ ಐದೂ ಕಾಂಗ್ರೆಸ್ಸಿಗೆ. ಆ ವಾರ ತರಗತಿಯಲ್ಲಿ ನಾನು ಪಾಠದ ನಡುವೆ, 'ನೋಡಿ, ಚಿಕ್ಕಮಗಳೂರು ಹೇಗೆ ಮನಸ್ಸು ಬದಲಾಯಿಸಿತು' ಎಂದೆ. ಶೃಂಗೇರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು, 'ನಮ್ಮಲ್ಲಿ ಏನೂ ಬದಲಾಗಿಲ್ಲ ಸರ್, ಕಳೆದ ಸಲವೂ ಇವರೇ ಗೆದ್ದಿದ್ದು. ಈ ಸಲ ಸೋಲುವುದು ಸ್ವಲ್ಪದರಲ್ಲಿ ತಪ್ಪಿತು' ಎಂದಳು.

ಅವಳು ಹೇಳಿದ್ದು ಸರಿ. ಶೃಂಗೇರಿಯಲ್ಲಿ 2018ರಲ್ಲಿ ಗೆದ್ದಿದ್ದವರೇ 2023ರಲ್ಲೂ ಗೆದ್ದರು. ಈ ಬಾರಿ ಘೋಷಣೆಯಾದ ಅಂತರ 201 ಮತ. ಪಕ್ಕದ ಮೂಡಿಗೆರೆಯಲ್ಲಿ 722. ಅಲ್ಲಿ ಬಿಜೆಪಿಯ ಹಾಲಿ ಶಾಸಕರಿಗೆ ಟಿಕೆಟ್ ತಪ್ಪಿ, ಅವರು ಜೆಡಿಎಸ್ ಸೇರಿ ಕಣದಲ್ಲೇ ಉಳಿದಿದ್ದರು. ಚಿಕ್ಕಮಗಳೂರು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ಗೆದ್ದವರು ಕೆಲವು ತಿಂಗಳ ಹಿಂದಿನವರೆಗೂ ಬಿಜೆಪಿಯಲ್ಲಿದ್ದವರು. ಒಂದೊಂದು ಕ್ಷೇತ್ರಕ್ಕೂ ಒಂದೊಂದು ಕತೆ. ಪಟ್ಟಿ ಅವೆಲ್ಲವನ್ನೂ '5' ಎಂಬ ಒಂದು ಅಂಕಿಯೊಳಗೆ ಮಡಿಸಿಟ್ಟಿತ್ತು, ನಾನು ಆ ಅಂಕಿಯನ್ನೇ ಜನರ ಮನಸ್ಸು ಎಂದು ಓದಿದ್ದೆ.

ಸಾಹಿತ್ಯ ಓದಿಸುವವನಿಗೆ ಇದು ಸಣ್ಣ ತಪ್ಪಲ್ಲ. ಕಾದಂಬರಿಯೊಂದರ ಪಾತ್ರವನ್ನು ಅದರ ಜಾತಿಯ, ಊರಿನ ಪ್ರತಿನಿಧಿ ಎಂದಷ್ಟೇ ಓದಬೇಡಿ ಎಂದು ವರ್ಷವಿಡೀ ಹೇಳುವವನು, ಒಂದು ಜಿಲ್ಲೆಯನ್ನು ಮಾತ್ರ ಒಂದೇ ಪಾತ್ರವನ್ನಾಗಿ ಮಾಡಿಕೊಂಡಿದ್ದೆ. ಆದ್ದರಿಂದ ಈ ಜಿಲ್ಲಾವಾರು ಪಟ್ಟಿಯನ್ನೂ ಒಂದು ಬರವಣಿಗೆ ಎಂದೇ ಭಾವಿಸಿ ವಿಮರ್ಶೆ ಮಾಡಬೇಕು ಅನ್ನಿಸಿತು.

ಮೊದಲ ಆಕ್ಷೇಪ, ಅದರ ನಿರೂಪಣೆಯ ಘಟಕವೇ ತಪ್ಪು. ಮತ ಎಣಿಕೆಯಾಗುವುದು ಕ್ಷೇತ್ರದ ಲೆಕ್ಕದಲ್ಲಿ. ಜಿಲ್ಲೆ ಆಡಳಿತದ ಅನುಕೂಲಕ್ಕೆ ಎಳೆದ ಗೆರೆ, ಆ ಗೆರೆಯೂ ನಿಂತಲ್ಲಿ ನಿಲ್ಲುವುದಿಲ್ಲ. 2018ರಲ್ಲಿ ಬಳ್ಳಾರಿ ಜಿಲ್ಲೆಗೆ ಒಂಬತ್ತು ಸ್ಥಾನಗಳಿದ್ದವು. 2021ರಲ್ಲಿ ವಿಜಯನಗರ ಬೇರೆಯಾದ ಮೇಲೆ ಐದು ಉಳಿದವು. 'ಬಳ್ಳಾರಿಯಲ್ಲಿ ಅಂದು, ಇಂದು' ಎಂದು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಡುವವರು ಎರಡು ಬೇರೆ ಬೇರೆ ಬಳ್ಳಾರಿಗಳನ್ನು ಹೋಲಿಸುತ್ತಿರುತ್ತಾರೆ.

ಎರಡನೆಯದು, ಸೋತವರಿಗೆ ಇಲ್ಲಿ ಮಾತೇ ಇಲ್ಲ. ರಾಜ್ಯದಲ್ಲಿ ಬಿಜೆಪಿಯ ಸ್ಥಾನಗಳು 104ರಿಂದ 66ಕ್ಕೆ ಇಳಿದವು. ಆದರೆ ಅದರ ಮತಪ್ರಮಾಣ ಎರಡೂ ಚುನಾವಣೆಗಳಲ್ಲಿ ಹೆಚ್ಚುಕಡಿಮೆ ಶೇಕಡಾ 36. ಕಾಂಗ್ರೆಸ್ ಶೇಕಡಾ 38ರಿಂದ ಸುಮಾರು 43ಕ್ಕೆ ಏರಿತು, ಸ್ಥಾನಗಳು 80ರಿಂದ 135ಕ್ಕೆ ಜಿಗಿದವು. ಜೆಡಿಎಸ್ ಶೇಕಡಾ 18ರಿಂದ 13ಕ್ಕೆ ಇಳಿಯಿತು. ಹೆಚ್ಚು ಮತ ಪಡೆದವನು ಒಂದು ಮತದಿಂದಾದರೂ ಸರಿ, ಇಡೀ ಕ್ಷೇತ್ರವನ್ನು ಪಡೆಯುತ್ತಾನೆ ಎಂಬ ನಿಯಮದ ಕೆಲಸ ಇದು. ಒಂದು ಮತ ಎಂಬುದು ಬರೀ ಮಾತಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರನ್ನು ಸೋಲಿಸಿದ್ದು 40,752ಕ್ಕೆ 40,751ರಂತೆ. ನಕ್ಷೆಯಲ್ಲಿ ಆ ಕ್ಷೇತ್ರವೂ ಒಂದೇ ಬಣ್ಣ. 2008ರ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಸಂತೇಮರಹಳ್ಳಿ ಎಂಬ ಹೆಸರೂ ಪಟ್ಟಿಯಿಂದ ಹೋಯಿತು.

ಪಟ್ಟಿ ಬಿಟ್ಟದ್ದನ್ನು ನಮ್ಮ ಕಥನ ಸಾಹಿತ್ಯವಾದರೂ ಹಿಡಿದಿದೆಯೇ? ಕನ್ನಡದ ರಾಜಕೀಯ ಕಾದಂಬರಿ ಎಂದೊಡನೆ ನೆನಪಾಗುವುದು ಅನಂತಮೂರ್ತಿಯವರ 'ಅವಸ್ಥೆ' (1978). ಅದರ ಕೃಷ್ಣಪ್ಪ ಗೌಡನ ಹಿಂದೆ ಶಾಂತವೇರಿ ಗೋಪಾಲಗೌಡರ ನೆರಳಿದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಪಾರ್ಶ್ವವಾಯು ಬಡಿದು ಮಲಗಿದ ನಾಯಕನೊಬ್ಬ ತನ್ನ ಬದುಕನ್ನು ಹಿಂದಿರುಗಿ ನೋಡುವ ಈ ಕೃತಿ ಅಧಿಕಾರದ ಹತ್ತಿರ ಹೋದ ಮನಸ್ಸಿನ ತಳಮಳವನ್ನು ತೋರಿಸುವಷ್ಟು ಸೂಕ್ಷ್ಮವಾಗಿ ನಮ್ಮಲ್ಲಿ ಬೇರೆ ಯಾವುದೂ ತೋರಿಸಿಲ್ಲ ಎಂದೇ ನನ್ನ ನಂಬಿಕೆ. ಆದರೆ ಅವನನ್ನು ಆರಿಸಿ ಕಳಿಸಿದ ಜನ? ಅವರು ಯಾಕೆ ಅವನಿಗೆ ಮತ ಹಾಕಿದರು, ಹಾಕದವರು ಯಾರು, ಹಾಕಿದ ಮೇಲೆ ಊರಲ್ಲಿ ಏನನ್ನು ಎದುರಿಸಿದರು ಎಂಬುದಕ್ಕೆ ಕಾದಂಬರಿಯಲ್ಲಿ ಜಾಗ ಕಡಿಮೆ. ನನ್ನ ಓದಿನಲ್ಲಿ ಅದು ಅದರ ದೊಡ್ಡ ಕೊರತೆ.

ಯಾಕೆಂದರೆ ವಾಸ್ತವದಲ್ಲಿ ಆ ಕತೆ ದೊಡ್ಡದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಮಾಡಿದರು. ಮರುವರ್ಷದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಸಮಾಜವಾದಿ ಗೋಪಾಲಗೌಡರು ಗೆದ್ದರು. ಒಡೆಯನ ಗದ್ದೆಯಲ್ಲಿ ದುಡಿಯುವವನು ಒಡೆಯನಿಗೆ ಒಪ್ಪದ ಗುರುತಿಗೆ ಗುಟ್ಟಾಗಿ ಮತ ಹಾಕಿ, ಮಾರನೆಯ ಬೆಳಗ್ಗೆ ಅದೇ ಅಂಗಳಕ್ಕೆ ಕೆಲಸಕ್ಕೆ ಹೋಗುವ ಹೊತ್ತನ್ನು ಊಹಿಸಿ. ಅವನಿಗೆ ಆ ಮತ ಎಷ್ಟು ದುಬಾರಿಯಾಗಬಹುದಿತ್ತು ಎಂಬುದನ್ನು ಫಲಿತಾಂಶದ ಯಾವ ಕೋಷ್ಟಕವೂ ಹೇಳಲಾರದು. ಕಾದಂಬರಿ ಹೇಳಬಹುದಿತ್ತು.

ಅಂಕಿಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. 201, 722, 1 ಇವೂ ಅಂಕಿಗಳೇ. ನನ್ನ ತಪ್ಪನ್ನು ತಿದ್ದಿದ್ದೂ ಅವೇ. ಬೇಕಾಗಿರುವುದು ಒಂದು ಹೆಜ್ಜೆ ಕೆಳಗಿಳಿದು ಓದುವ ಅಭ್ಯಾಸ: ಜಿಲ್ಲೆಯಿಂದ ಕ್ಷೇತ್ರಕ್ಕೆ, ಗೆದ್ದವನ ಹೆಸರಿನಿಂದ ಅಂತರಕ್ಕೆ, ಅಂತರದಿಂದ ಸೋತವನಿಗೆ ಹಾಕಿದವರ ಕಡೆಗೆ. ಇಲ್ಲವಾದರೆ 'ಆ ಜಿಲ್ಲೆಯವರೇ ಹಾಗೆ' ಎಂಬ ಮಾತು ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತದೆ. ಕರಾವಳಿಯ ಬಗ್ಗೆ, ಮಂಡ್ಯದ ಬಗ್ಗೆ, ಕಲಬುರಗಿಯ ಬಗ್ಗೆ ನಾವು ಆಡುವ ಎಷ್ಟು ಮಾತುಗಳು ಹೀಗೆ ಬಂದವು ಎಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ.

ಮುಂದಿನ ತರಗತಿಯಲ್ಲಿ ಆ ಹುಡುಗಿಗೆ, ನಿಮ್ಮೂರಿನ ಮತಗಟ್ಟೆಯ ಒಂದು ದಿನವನ್ನು ಬರೆದು ತಾ ಎಂದೆ. ನಾಲ್ಕು ಪುಟ ತಂದಳು. ಅದರಲ್ಲಿ ಪಕ್ಷದ ಹೆಸರು ಎಲ್ಲೂ ಇರಲಿಲ್ಲ. ಅಜ್ಜಿಯನ್ನು ಯಾರ ಜೀಪಿನಲ್ಲಿ ಮತಗಟ್ಟೆಗೆ ಕರೆದೊಯ್ಯಬೇಕು ಎಂದು ಮನೆಯಲ್ಲಿ ನಡೆದ ಜಗಳವಿತ್ತು.